ಸೋಮವಾರದ ಗುಳಿಗಿ

ಮೊದಲನೇ ಮಾತು, ಎರಡು ಜಡಿ ನನಗ ಸೇರೂದಿಲ್ಲ.
ಕೆಂಪು ರಿಬ್ಬನ್ ಅಂತೂ ಬ್ಯಾಡೇ ಬ್ಯಾಡ.
ಅಕ್ಕಲಕೋಟ ಸಂತ್ಯಾಗ ಮಾರಾಕ ತಂದ ಆಡಿನ ಕೊರಳಾಗ
ಅದೇ ರಿಬ್ಬನ್, ಅದೇ ಗಂಟು ನೋಡೀನಿ.
ಹತ್ತನೇ ಕ್ಲಾಸಿನ ಹುಡುಗಿಗಿ, ಆಡಿಗಿ
ಒಂದೇ ಫ್ಯಾಶನ್ ಅಂದ್ರ ಹ್ಯಾಂಗ?
ಬಿರಾಜದಾರ ಸರ್‌ಗ ಕೇಳಿದ್ರ "ಶಿಸ್ತು" ಅಂತಾರ.
ಅವರ ಅಂಗಿಗಿ ದಿನಾ ಒಂದು ಗುಂಡಿ ಕಮ್ಮಿ.

ಜೀನ್ಸ್ ಸೋಲಾಪುರದಾಗ ತಂದದ್ದು, ನಾನೂರಕ್ಕ,
ಮೊಣಕಾಲಾಗ ಹರದದ್ದು, ಬೇಕಂತನ.
ಅವ್ವ ರಾತ್ರೋರಾತ್ರಿ ಒಳಗಿಂದ
ಹಳೇ ಚಾದರಿನ ತುಂಡು ಹಚ್ಚಿ ಹೊಲಿದಾಳ.
"ಪಾಪ, ಅಂಗಡ್ಯಾವ ಮೋಸ ಮಾಡ್ಯಾನ" ಅಂದ್ಲು.
ಈಗ ನನ್ನ ಮೊಣಕಾಲಾಗ ಅರ್ಧ ನವಿಲು ಅದ.
ರೇಶ್ಮಾ ಅದನ್ನ ಹೊಸಾ ಡಿಸೈನ್ ಅಂತ ತಿಳದು
ಎಲ್ಲಿ ಸಿಗ್ತದ ಅಂತ ಕೇಳಿದ್ಲು.
ಹೇಳಿಲ್ಲ ನಾ.

ನಮ್ದು ಕನ್ನಡ ಶಾಳಾ.
ಬಸ್ಸಿನ ಪಾಟಿ ಮರಾಠಿ, ಕಂಡಕ್ಟರ್ ಬೈಯೂದು ಮರಾಠಿ,
ನಾವು ತಿರುಗಿ ಬೈಯೂದು ಕನ್ನಡ,
ಹಂಗಾಗಿ ಜಗಳ ಭಾಳ ದೂರ ಹೋಗೂದಿಲ್ಲ.
ಭಾಷಣಕ್ಕ ಬಂದವರು ನಮಗ ಗಡಿನಾಡ ಮಕ್ಕಳು ಅಂತಾರ.
ಗಡಿ ನಾ ಒಮ್ಮಿ ನೋಡೀನಿ:
ಒಂದು ಪಂಕ್ಚರ್ ಅಂಗಡಿ, ಒಂದು ಹಂಪ್,
ಹಂಪಿನ ಮ್ಯಾಲ ಮಲಗಿದ ನಾಯಿ.
ಆಳಂದದ ಅತ್ತಿ "ನಿಮ್ಮ ಕನ್ನಡ ಕೆಟ್ಟದ" ಅಂತಾಳ.
ಕೋರೆ ಬಾಯಿ "ನಿಮ್ಮ ಮರಾಠಿ ಕೆಟ್ಟದ" ಅಂತಾರ.
ಇಬ್ಬರ ಮುಂದೂ ಹಲ್ಲು ಕಿಸಿತೀನಿ.
ಅದರಾಗ ನಾ ಫಸ್ಟ್ ಕ್ಲಾಸ್.

ಕ್ರೀಮಿನ ಸುದ್ದಿ ಯಾರಿಗೂ ಹೇಳಬ್ಯಾಡ್ರಿ.
ಐವತ್ತರ ಟ್ಯೂಬು, ಮೂರು ತಿಂಗಳು, ಕದ್ದು,
ಹಿಟ್ಟಿನ ಡಬ್ಬಿ ಹಿಂದ ಇಟ್ಟು.
ಗಲ್ಲ ಬೆಳ್ಳಗಾದವು, ಖರೇನ!
ಓಣಿ ಕಲಾವತಿ ಆಯಿ ಸುದ್ದಾ
"ಏ ಸುಗಲಾ, ಬಣ್ಣ ಬಂದದಲ್ಲ ನಿನಗ" ಅಂದ್ಲು.
ಅವತ್ತು ಕನ್ನಡಿ ಮುಂದ ನಿಂತು
ನನಗ ನಾನೇ "ಮ್ಯಾಡಂ" ಅಂತ ಕರಕೊಂಡೆ.
ಜಿನಿ ಹತ್ತಿದ್ರ ದಮ್ಮು ಹತ್ತತಿತ್ತು, ಹೌದು.
ಜಿನಿ ಕಡದು ಅವ, ಎಲ್ಲಾರಿಗೂ ಹತ್ತತದ ಅಂದ್ಕೊಂಡೆ.

ಸೋಮವಾರಕ್ಕೊಮ್ಮಿ ಶಾಳ್ಯಾಗ ಕಬ್ಬಿಣದ ಗುಳಿಗಿ ಕೊಡ್ತಾರ.
ನೀಲಿ. ನೋಡಾಕ ಚಂದ,
ಬಾಯಾಗಿಟ್ರ ಕೀಲಿಕೈ ನೆಕ್ಕಿದಂಗ.
ನುಂಗಿದಂಗ ಮಾಡಿ, ನಾಲಿಗಿ ಕೆಳಗ ಮುಚ್ಚಿ,
ಬೋರಿಂಗಿನ ಹಂತ್ಯಾಕ ಬೇವಿನ ಬುಡಕ್ಕ ಉಗುಳಿ ಬರೂದು
ನಮ್ಮ ಬೆಂಚಿನ ಪದ್ಧತಿ.
ಆ ಬೇವು ಈಗ ನೋಡ್ರಿ, ಪೈಲ್ವಾನ ಆಗ್ಯದ.

ಹ್ವಾದ ಸೋಮವಾರ ನರ್ಸ್ ಜಮಾದಾರ ಬಾಯಿ ಬಂದ್ರು.
ಸಾಲಾಗಿ ನಿಲ್ಲಿಸಿ, ಕೆಳಗಿನ ರೆಪ್ಪಿ ಹೆಬ್ಬಟ್ಟಿಲೆ ಜಗ್ಗಿ
ಟಮಾಟಿ ಆರಿಸಿದಂಗ ಒಬ್ಬೊಬ್ಬರನ್ನ ನೋಡಿದ್ರು.
ನನ್ನ ಮುಂದ ನಿಂತ್ರು.
ಬೆರಳಿಗಿ ಸೂಜಿ. ಎಂಟೂ ಪಾಯಿಂಟ್ ನಾಕು.
"ಎಷ್ಟಕ್ಕ, ಬಾಯಿ?" ಅಂದೆ. ಅವರು ನಗಲಿಲ್ಲ.
"ಎಷ್ಟು ದಿನ ಆತು ಹಿಂಗ ಬೆಳ್ಳಗಾಗಿ?"
"ಮೂರು ತಿಂಗಳು" ಅಂದೆ, ಸೊಕ್ಕಿಲೆ.
"ಹುಚ್ಚಿ, ಇದು ಬಣ್ಣ ಅಲ್ಲ. ಮೈಯಾಗ ರಕ್ತ ಇಲ್ಲ."
ಹಿಂದ ನಿಂತ ರೇಶ್ಮಾ
ನಗೂದು ಬಿಟ್ಟು ನನ್ನ ಜಡಿ ಹಿಡಕೊಂಡ್ಲು.

ರಾತ್ರಿ ಅವ್ವ ರೊಟ್ಟಿ ಬಡಿತಿದ್ಲು.
ಹಂತ್ಯಾಕ ಕುಂತು
ಅಕಿ ರೆಪ್ಪಿ ಹೆಬ್ಬಟ್ಟಿಲೆ ಕೆಳಗ ಜಗ್ಗಿದೆ.
"ಏನ್ ಹುಡುಕ್ತಿ ಅದರಾಗ?" ಅಂದ್ಲು,
ಹಿಟ್ಟಿನ ಕೈ ಮ್ಯಾಲೆತ್ತಿ.
ನನ್ನಂಗೇ ಬೆಳ್ಳಗ.
ಅವ್ವ ನನ್ನ ಕ್ರೀಮ್ ಮುಟ್ಟಿಲ್ಲ.

ಈ ಸೋಮವಾರ ಎರಡು ಗುಳಿಗಿ ಬೇಡಿದೆ.
ಒಂದು ನುಂಗಿದೆ. ಥೂ, ಅದೇ ಕೀಲಿಕೈ.
ಇನ್ನೊಂದು ಕಂಪಾಸಿನ ಡಬ್ಬ್ಯಾಗ,
ಬಸ್ಸು ಕುಣದಾಗೊಮ್ಮಿ ಟಣ್ ಅಂತಿತ್ತು, ಮನಿ ತನಕ.

ರಿಬ್ಬನ್ ಬಗ್ಗಿ ಮಾತ್ರ
ನನ್ನ ಮಾತು ಅದೇ ಅದ.